ಗುರುವಾರದ ಕ್ಲಾಸು

ಲೀಲಾಧರ ಊಟಕ್ಕೆ ಕುಳಿತ ಮೇಲೆ ಆ ಮನೆಯಲ್ಲಿ ಯಾರೂ ಟಿ.ವಿ. ಹಾಕುತ್ತಿರಲಿಲ್ಲ. ಮಿಕ್ಸಿ ತಿರುಗಿಸುತ್ತಿರಲಿಲ್ಲ. ಪಾತ್ರೆ ಇಡುವುದಾದರೂ ಮೆಲ್ಲನೆ ಇಡಬೇಕು. ಮಣಿಪಾಲದಿಂದ ಉಡುಪಿ, ಕಾಪು, ಪಡುಬಿದ್ರಿ ದಾಟಿ ಕಾರ್ಕಳಕ್ಕೆ ಹೋಗುವ ಎಕ್ಸ್‌ಪ್ರೆಸ್ ಬಸ್ಸಿನ ಡ್ರೈವರ್ ಅವನು. ದಿನವಿಡೀ ಹಾರ್ನ್ ಕೇಳಿದ ಕಿವಿಗೆ ಮನೆಯಲ್ಲಿ ಒಂದು ಚಮಚ ಬಿದ್ದರೂ ರೇಗಲಿಕ್ಕೆ ಸಾಕಾಗುತ್ತಿತ್ತು.

ಆ ದಿನ ಬಂಗುಡೆ ಮೀನಿನ ಸಾರು. ಎರಡು ತುತ್ತು ಉಂಡು ಅವನು ಬಟ್ಟಲು ದೂಡಿದ.

"ಉಪ್ಪು ಜಾಸ್ತಿಯಾಯ್ತಾ?" ಹೆಂಡತಿ ಬೇಬಿ ಕೇಳಿದಳು.

"ಉಪ್ಪಲ್ಲ. ಕಂಪೆನಿಯವರು ನನ್ನನ್ನು ಶಾಲೆಗೆ ಹಾಕಿದ್ದಾರೆ. ಇನ್ನು ಗುರುವಾರ ಗುರುವಾರ ಕ್ಲಾಸು."

ವಿಷಯ ಹೀಗಿತ್ತು. ಅದೇ ಕಂಪೆನಿಯ ಡ್ರೈವರ್ ಕಾರ್ಲ್ ಹೋದ ತಿಂಗಳು ಬೆಳಗಿನಿಂದಲೇ ತಲೆ ಭಾರ, ತಲೆ ಭಾರ ಎನ್ನುತ್ತ ಟೈಮ್ ತಪ್ಪಿಸಬಾರದೆಂದು ಬಸ್ಸು ಬಿಟ್ಟುಕೊಂಡು ಹೋಗಿ, ಕಾರ್ಕಳದ ಸ್ಟ್ಯಾಂಡಿನಲ್ಲಿ ಇಳಿಯುವಾಗ ಬಿ.ಪಿ. ಏರಿ ಬಿದ್ದಿದ್ದ. ಜೀವ ಉಳಿಯಿತು, ಬಲಗೈ ಎತ್ತಲಿಕ್ಕೆ ಆಗುವುದಿಲ್ಲ. ಬಸ್ಸಿನ ಧಣಿಗಳ ಮನಸ್ಸಿಗೆ ಅದು ತಾಗಿತು. ಎಲ್ಲ ಡ್ರೈವರುಗಳ ಬಿ.ಪಿ. ನೋಡಿಸಿದರು. ಮೇಲಿದ್ದವರಿಗೆ ಮಣಿಪಾಲದ ಒಂದು ಆಸ್ಪತ್ರೆಯಿಂದ ಜನ ಕರೆಸಿ, ಆರು ವಾರ ಒತ್ತಡ ಕಡಿಮೆ ಮಾಡುವ ತರಬೇತಿ ಇಟ್ಟರು. ಲೀಲಾಧರನದು ನೂರ ಅರವತ್ತನಾಲ್ಕಕ್ಕೆ ನೂರ ನಾಲ್ಕು. ಡಾಕ್ಟರ್ ಬೆಳಿಗ್ಗೆಗೆ ಒಂದು ಸಣ್ಣ ಗುಳಿಗೆ ಬರೆದುಕೊಟ್ಟರು. ಮ್ಯಾನೇಜರ್ ಸರ್ವೋತ್ತಮ ಮೆಲ್ಲಗೆ ಇನ್ನೊಂದು ಮಾತು ಹೇಳಿದ್ದ: ಕೊನೆಯ ಗುರುವಾರ ಪುನಃ ನೋಡ್ತಾರೆ, ಆಗಲೂ ಇಳಿಯದಿದ್ದರೆ ಸ್ಟೇರಿಂಗ್ ಇಲ್ಲ, ಶೆಡ್ಡಿನಲ್ಲಿ ಟಯರ್ ನೋಡಿಕೊಂಡು ಇರಬೇಕು.

ಬೇಬಿಗೆ ಆ ಕೊನೆಯ ಮಾತು ಮಾತ್ರ ಕೇಳಿಸಿತು. ಉಡುಪಿಯ ಬಟ್ಟೆ ಅಂಗಡಿಯೊಂದರಲ್ಲಿ ದಿನವಿಡೀ ನಿಂತು ಸೀರೆ ಬಿಡಿಸಿ ತೋರಿಸುವ ಅವಳ ಸಂಬಳದಿಂದ ಮನೆ ನಡೆಯುವುದಿಲ್ಲ. ಮಗಳು ಯಶ್ಮಿತಾ ಬಿ.ಕಾಂ. ಕೊನೆಯ ವರ್ಷದಲ್ಲಿದ್ದಳು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಬೇಬಿಯ ತಾಯಿ ಸರಸ ಮಗಳ ಕಡೆ ತಿರುಗಿ ಹೇಳಿದಳು: "ಬೇಬಿ, ನಿನ್ನ ಗಂಡನ ಹತ್ತಿರ ಕೇಳು. ಅದು ತಲೆ ಸರಿ ಇಲ್ಲದವರಿಗೆ ಮಾಡುವ ಕ್ಲಾಸಾ ಎಂತ?"

ಲೀಲಾಧರ ಎದುರಿಗೇ ಇದ್ದರೂ ಸರಸ ಅವನೊಡನೆ ನೇರ ಮಾತಾಡುವವಳಲ್ಲ. ಅವರಲ್ಲಿ ಮನೆ ತಾಯಿಯಿಂದ ಮಗಳಿಗೆ ಬರುವುದು. ಕಾಪುವಿನ ಸಮುದ್ರದ ದಾರಿಯಲ್ಲಿರುವ ಆ ಮನೆ ಸರಸಳದು. ಅಳಿಯ ಮದುವೆಯಾಗಿ ಅಲ್ಲಿಗೆ ಬಂದವನು. ಅತ್ತೆ ಅಳಿಯ ಇಬ್ಬರೂ ಹೇಳಬೇಕಾದ್ದನ್ನು ಬೇಬಿಯ ಮೂಲಕವೇ ಹೇಳಿಕೊಂಡು ಬಂದಿದ್ದರು. ಬೇಬಿ ಇಲ್ಲದಾಗ ಗೋಡೆಗೆ ಹೇಳುತ್ತಿದ್ದರು.

"ಮಾಮಿಗೆ ಹೇಳು," ಎಂದ ಲೀಲಾಧರ, "ತಲೆ ಸರಿ ಇಲ್ಲದಿದ್ದರೆ ಈ ಮನೆಯಲ್ಲಿ ಇಷ್ಟು ವರ್ಷ ಊಟ ಮಾಡ್ಲಿಕ್ಕೆ ಆಗ್ತಿರಲಿಲ್ಲ ಅಂತ."

ಬೇಬಿ ಎರಡನ್ನೂ ದಾಟಿಸಲಿಲ್ಲ. ಯಶ್ಮಿತಾ ಮುಖ ತಗ್ಗಿಸಿ ನಗು ನುಂಗಿದಳು.

ಮೊದಲ ಗುರುವಾರ ಶೆಡ್ಡಿನ ಒಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಡೀಸೆಲ್ ವಾಸನೆಯ ನಡುವೆ ಏಳೆಂಟು ಡ್ರೈವರುಗಳು ಒಬ್ಬರ ಮುಖ ಒಬ್ಬರು ನೋಡದೆ ಕುಳಿತಿದ್ದರು. ಕಲಿಸಲು ಬಂದವಳು ರೇಚಲ್ ಎಂಬ ಮೂವತ್ತರ ಹೆಂಗಸು. ಅವಳು ಉಪದೇಶಕ್ಕೆ ಇಳಿಯಲಿಲ್ಲ. ನನಗೆ ಸ್ಕೂಟರ್ ಬಿಟ್ಟರೆ ಬೇರೆ ಗಾಡಿ ಬರುವುದಿಲ್ಲ, ನೀವೇ ಹೇಳಿ, ಹಾರ್ನಿಗೆ ಕೈ ಹೋಗುವ ಮೊದಲು ಮೈಯಲ್ಲಿ ಎಲ್ಲಿ ಬಿಗಿಯಾಗ್ತದೆ ಎಂದು ಕೇಳಿದಳು. ಒಬ್ಬ ದವಡೆ ಎಂದ. ಇನ್ನೊಬ್ಬ ಕುತ್ತಿಗೆ ಎಂದ. ಲೀಲಾಧರನಿಗೆ ಉತ್ತರ ಗೊತ್ತಿರಲಿಲ್ಲ. ಅಷ್ಟು ವರ್ಷ ಬಸ್ಸು ಬಿಟ್ಟು, ಇಂಜಿನ್ನಿನ ಒಂದೊಂದು ಸದ್ದಿನ ಅರ್ಥ ಹೇಳಬಲ್ಲ ತಾನು, ತನ್ನ ಮೈ ಬಗ್ಗೆ ಕೇಳಿದರೆ ಬೆಬ್ಬೆಬ್ಬೆ ಎಂದದ್ದಕ್ಕೆ ಅವನಿಗೇ ನಾಚಿಕೆಯಾಯಿತು.

ಮುಂದಿನ ವಾರಕ್ಕೆ ಮನೆಪಾಠ ಕೊಟ್ಟಳು. ಕಂಡಕ್ಟರ್ ಸೀಟಿ ಊದಿದ ಮೇಲೆ ಒಂದು ಉಸಿರು ಪೂರ್ತಿ ಹೊರಗೆ ಬಿಡಬೇಕು, ಆಮೇಲೆ ಗೇರ್. ಬೆಳಿಗ್ಗೆ ಸಂಜೆ ಅಂಗಳದಲ್ಲಿ ಕುಳಿತು ಕಾಲಿನಿಂದ ತಲೆಯವರೆಗೆ ಮೈಯನ್ನು ಗಮನಿಸಬೇಕು. ಅದಕ್ಕೆ ತನ್ನ ಧ್ವನಿಯನ್ನೇ ರೆಕಾರ್ಡ್ ಮಾಡಿ ಫೋನಿಗೆ ಕಳುಹಿಸಿದ್ದಳು.

ಆ ಧ್ವನಿಯಿಂದ ಮನೆಯಲ್ಲಿ ಹೊಸ ಜಗಳ ಎದ್ದಿತು. ಅಂಗಳ ಗುಡಿಸುತ್ತಿದ್ದ ಸರಸಳಿಗೆ ಅಳಿಯನ ಫೋನಿನಿಂದ ಯಾವಳೋ ಹೆಂಗಸು "ಈಗ ಮೊಣಕಾಲು... ಈಗ ತೊಡೆ..." ಎನ್ನುವುದು ಕೇಳಿಸಿತು. ಹಿಡಿಸೂಡಿ ಅಲ್ಲೇ ಹಾಕಿ ಒಳಗೆ ಹೋಗಿ ಬೇಬಿಯ ಮುಂದೆ ನಿಂತಳು. ಬೇಬಿಗೆ ವಿವರಿಸಿ ಸಾಕಾಯಿತು. ಅಂಗಡಿಗೆ ಹೋಗುವ ಬಸ್ಸೂ ತಪ್ಪಿತು.

ಉಪ್ಪು ಕಡಿಮೆ ಮಾಡಬೇಕೆಂದು ಡಾಕ್ಟರ್ ಹೇಳಿದ್ದು ಅದಕ್ಕಿಂತ ದೊಡ್ಡ ಜಗಳವಾಯಿತು. ಒಣಮೀನು ಚಟ್ನಿ ಇಲ್ಲ, ಉಪ್ಪಿನಕಾಯಿ ಇಲ್ಲ. ಒಬ್ಬನಿಗಾಗಿ ಎಲ್ಲರೂ ಸಪ್ಪೆ ತಿನ್ನಲಿಕ್ಕೆ ಆಗುವುದಿಲ್ಲವೆಂದು ಸರಸ ಗೊಣಗಿದಳು. ತನಗೂ ಬಿ.ಪಿ. ಉಂಟು, ತಾನು ಗುಳಿಗೆ ತಿಂದು ಉಪ್ಪನ್ನೂ ತಿಂದು ಗಟ್ಟಿಯಾಗಿಯೇ ಇದ್ದೇನಲ್ಲ ಎಂಬುದು ಅವಳ ವಾದ. ಕೊನೆಗೆ ಅಳಿಯನ ಬೆಳಗಿನ ಗಂಜಿಯನ್ನು ಉಪ್ಪು ಹಾಕುವ ಮೊದಲೇ ಬೇರೆ ಪಾತ್ರೆಗೆ ತೆಗೆದಿಡುವುದೆಂದು ತೀರ್ಮಾನವಾಯಿತು.

ಎರಡನೆಯ ವಾರದಲ್ಲಿ ಕಂಡಕ್ಟರ್ ವಾಸು ತಕರಾರು ತೆಗೆದ. "ಲೀಲಣ್ಣ, ನಾನು ಸೀಟಿ ಊದ್ತೇನೆ, ನೀವು ಧ್ಯಾನಕ್ಕೆ ಕೂರ್ತೀರಿ. ಉಡುಪಿಗೆ ಮುಟ್ಟುವಾಗ ಎರಡು ನಿಮಿಷ ಹೋಯ್ತು. ಹಿಂದೆ ಜಿತೇಶನ ಬಸ್ಸು ನಮ್ಮ ಬೆನ್ನಿಗೇ ಅಂಟಿಕೊಂಡು ಉಂಟು."

ಆ ದಾರಿಯಲ್ಲಿ ಎರಡು ನಿಮಿಷವೆಂದರೆ ಸಣ್ಣ ಮಾತಲ್ಲ. ಒಂದು ಬಸ್ಸಿಗೂ ಇನ್ನೊಂದಕ್ಕೂ ನಡುವೆ ಇರುವುದೇ ನಾಲ್ಕೈದು ನಿಮಿಷ. ತಡವಾದರೆ ಜಿತೇಶನಂತೆ ಹಿಂದೆ ಬರುವ ಬೇರೆ ಕಂಪೆನಿಯ ಬಸ್ಸಿನವನು ಸ್ಟಾಪಿನ ಜನರನ್ನೆಲ್ಲ ಬಾಚಿಕೊಳ್ಳುತ್ತಾನೆ, ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್ ಬಾಯಿಗೆ ಬಂದಂತೆ ಬೈಯುತ್ತಾನೆ, ಕಲೆಕ್ಷನ್ ಬಿದ್ದರೆ ಡ್ರೈವರ್ ಕಂಡಕ್ಟರುಗಳಿಗೆ ಅದರ ಮೇಲೆ ಸಿಗುವ ಬತ್ತೆಯೂ ಬೀಳುತ್ತದೆ. ಲೀಲಾಧರ ಅಂದು ಉಸಿರಿನ ಪಾಠವನ್ನು ಬಿಟ್ಟ, ಕಟಪಾಡಿಯವರೆಗೆ ಹಾರ್ನನ್ನು ಬಿಡಲಿಲ್ಲ. ಮನೆಗೆ ಬಂದು, ನೆಂಟರಿಗೆ ಈ ಕ್ಲಾಸಿನ ಸುದ್ದಿ ಹೇಳಿದ್ದು ಯಾಕೆ ಎಂದು ಬೇಬಿಯ ಮೇಲೆ ಸ್ಟೀಲಿನ ಲೋಟ ಎಸೆದ. ಲೋಟ ಬಾಗಿಲಿಗೆ ತಾಗಿತು. ಬೇಬಿ ಅದನ್ನು ಎತ್ತಲಿಲ್ಲ. ಮರುದಿನ ಬೆಳಿಗ್ಗೆಯೂ ಅದು ಅಲ್ಲೇ ಬಿದ್ದಿತ್ತು. ಅವನೇ ಎತ್ತಿ ತೊಳೆದಿಟ್ಟ.

ಆದರೂ ಗುರುವಾರ ತಪ್ಪಿಸಲಿಲ್ಲ. ಲೋಟದ ವಿಷಯವನ್ನು ಕ್ಲಾಸಿನಲ್ಲಿ ಹೇಳಿಯೂ ಬಿಟ್ಟ. ರೇಚಲ್ ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಎಸೆಯುವ ಮೊದಲು ಮೈಯಲ್ಲಿ ಎಂತ ಆಯಿತು ಎಂದು ಕೇಳಿದಳು. ಅವನು ಯೋಚಿಸಿ, ಬೆರಳಿನ ತುದಿ ತಣ್ಣಗಾಗಿತ್ತು ಎಂದ. ಅದೇ ನಿಮ್ಮ ಗುರುತು, ಅದು ಕಂಡ ಕೂಡಲೇ ನಿಲ್ಲಿ, ಎಲ್ಲಿದ್ದರೂ ನಿಲ್ಲಿ ಎಂದಳು.

ಮೂರನೆಯ ವಾರ ಕಳೆಯುವಾಗ ಸಂಜೆ ಊಟಕ್ಕೆ ಬಡಿಸಿದ್ದನ್ನು ಮುಗಿಸತೊಡಗಿದ. ಮಲಗಿದರೆ ನಿದ್ದೆ ಬರುತ್ತಿತ್ತು. ಬಿ.ಪಿ.ಯೂ ಸ್ವಲ್ಪ ಇಳಿದಿತ್ತು, ಆದರೆ ಸಾಲದು. ಒಂದು ದಿನ ಯಶ್ಮಿತಾ, ಪರೀಕ್ಷೆ ಮುಗಿದ ಮೇಲೆ ಮಣಿಪಾಲದ ಆಫೀಸೊಂದರಲ್ಲಿ ಕೆಲಸ ಕಲಿಯಲು ಹೋಗುತ್ತೇನೆ, ಎರಡು ತಿಂಗಳು ಸಂಬಳ ಇಲ್ಲ ಎಂದಳು. ಬೇಬಿ ಕಣ್ಣಿನಲ್ಲೇ ಬೇಡ ಬೇಡ ಎಂದು ಸನ್ನೆ ಮಾಡಿದಳು. ಲೀಲಾಧರ ಸಂಬಳ ಇಲ್ಲದೆ ಎಂತ ಕೆಲಸ ಎಂದು ಧ್ವನಿ ಏರಿಸಿದವನು, ಅರ್ಧದಲ್ಲೇ ಎದ್ದು ಹಿತ್ತಿಲಿಗೆ ಹೋದ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕುಳಿತು ವಾಪಸು ಬಂದ.

"ಈಗ ಹೇಳು. ಎಂತ ಕೆಲಸ ಅದು?"

ಯಶ್ಮಿತಾ ಹೇಳಿದಳು. ಅವನು ಪೂರ್ತಿ ಕೇಳಿ, ಆಗಲಿ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಆ ಮನೆಯಲ್ಲಿ ಅಷ್ಟು ಆದದ್ದೇ ದೊಡ್ಡದು.

ಕೊನೆಯ ಗುರುವಾರ ಹತ್ತಿರ ಬಂದಂತೆ ಬೇಬಿ ಅಂಗಡಿಯಿಂದ ಬಂದವಳೇ ಗಂಡನ ಮುಖ ನೋಡಿ ತಾಯಿಯ ಹತ್ತಿರ ಅದನ್ನೇ ಹೇಳತೊಡಗಿದಳು: ಇಳಿಯದಿದ್ದರೆ ಎಂತ ಮಾಡುವುದು ಅಮ್ಮ, ಶೆಡ್ಡಿಗೆ ಹಾಕಿದರೆ ಎಂತ ಮಾಡುವುದು. ಭಾನುವಾರ ಬೆಳಿಗ್ಗೆ ಬೇಬಿ ಸ್ನಾನಕ್ಕೆ ಹೋದಾಗ ಸರಸ ತನ್ನ ಬಿ.ಪಿ.ಯ ಗುಳಿಗೆಯನ್ನು ಚಮಚದ ಬೆನ್ನಿನಿಂದ ಪುಡಿ ಮಾಡಿ, ಅಳಿಯನ ಸಪ್ಪೆ ಗಂಜಿಗೆ ಹಾಕಿ ಕಲಸಿದಳು. ಮೇಲೆ ಅರ್ಧ ಚಮಚ ತುಪ್ಪ. ತನಗೆ ಒಳ್ಳೆಯದಾದ ಗುಳಿಗೆ ಅವನಿಗೆ ಕೆಟ್ಟದಾಗುವುದು ಹೇಗೆ? ಉಸಿರು ಬಿಟ್ಟರೆ ಬಿ.ಪಿ. ಇಳಿಯುವುದಾದರೆ ಡಾಕ್ಟರುಗಳು ಯಾಕೆ ಬೇಕು? ಸೋಮವಾರವೂ ಹಾಕಿದಳು. ಮಂಗಳವಾರವೂ. ಅದರ ಹಿಂದೆಯೇ ಬೇಬಿ ಡಾಕ್ಟರ್ ಕೊಟ್ಟ ಗುಳಿಗೆಯನ್ನು ನೀರಿನೊಡನೆ ಕೊಡುತ್ತಿದ್ದಳು. ಒಬ್ಬಳು ಮಾಡಿದ್ದು ಇನ್ನೊಬ್ಬಳಿಗೆ ಗೊತ್ತಿರಲಿಲ್ಲ.

ಬುಧವಾರ ಬೆಳಗಿನ ಟ್ರಿಪ್ಪು. ಕಾಪು ದಾಟುವಾಗಲೇ ಬಸ್ಸು ತುಂಬಿತ್ತು. ಬಾಗಿಲಿನಲ್ಲಿ ಕಾಲೇಜಿನ ಮಕ್ಕಳು ನೇತಾಡುತ್ತಿದ್ದರು. ಉಚ್ಚಿಲದ ಸ್ಟಾಪಿನಲ್ಲಿ ಇನ್ನಷ್ಟು ಜನ ಹತ್ತಿದರು. ವಾಸು ಸೀಟಿ ಊದಿದ. ಗೇರ್ ಹಾಕಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಲೀಲಾಧರನ ಬೆರಳಿನ ತುದಿ ತಣ್ಣಗಾಯಿತು. ಕೋಪ ಬಂದಿರಲಿಲ್ಲ, ಯಾರೂ ಅಡ್ಡ ಬಂದಿರಲಿಲ್ಲ. ಆದರೂ ತಣ್ಣಗೆ. ಜನರ ಮಾತು ದೂರದಿಂದ ಕೇಳಿದಂತಾಯಿತು. ಕನ್ನಡಿಯಲ್ಲಿ ಜಿತೇಶನ ಬಸ್ಸು ದೊಡ್ಡದಾಗುತ್ತಿತ್ತು.

ಮೊದಲಾಗಿದ್ದರೆ ಮುಖಕ್ಕೆ ನೀರು ಚಿಮುಕಿಸಿಕೊಂಡು, ಪಡುಬಿದ್ರಿಯಲ್ಲಿ ಒಂದು ಚಾ ಕುಡಿದರೆ ಸರಿಯಾಗುತ್ತದೆ ಎಂದು ಓಡಿಸುತ್ತಿದ್ದ. ಅವನು ಎಡಕ್ಕೆ ಇಂಡಿಕೇಟರ್ ಹಾಕಿ, ಬಸ್ಸನ್ನು ಮಣ್ಣಿಗೆ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದ.

"ಇಲ್ಲಿ ಎಂತದು?" ವಾಸು ಹಿಂದಿನಿಂದ ಬೊಬ್ಬೆ ಹಾಕಿದ. "ಹಿಂದೆ ಬಸ್ಸುಂಟು ಮಾರಾಯ್ರೇ."

"ಜನ ಇಳಿಸು. ಅದರಲ್ಲಿ ಹತ್ತಿಸು."

"ಜಿತೇಶನ ಬಸ್ಸಿಗೆ? ನಾವೇ ಹತ್ತಿಸಿ ಕೊಡುವುದಾ?"

"ವಾಸು, ನನಗೆ ಆಗುವುದಿಲ್ಲ," ಎಂದು ಹೇಳಿ ಲೀಲಾಧರ ಕೀ ತೆಗೆದ. ಎದ್ದು ನಿಲ್ಲಲು ಹೋದವನು ಇಂಜಿನ್ ಪೆಟ್ಟಿಗೆಯ ಮೇಲೆಯೇ ಕುಸಿದ.

ಆಸ್ಪತ್ರೆಯಲ್ಲಿ ನೋಡುವಾಗ ಬಿ.ಪಿ. ಪಾತಾಳಕ್ಕೆ ಇಳಿದಿತ್ತು. ಗ್ಲೂಕೋಸ್ ಹಾಕಿದರು. ಗುಳಿಗೆಯನ್ನು ಎರಡೆರಡು ಸಲ ತೆಗೆದುಕೊಂಡಿರಾ ಎಂದು ಡಾಕ್ಟರ್ ಮತ್ತೆ ಮತ್ತೆ ಕೇಳಿದರು. ಇಲ್ಲ ಎಂದ. ಅವರು ನಂಬಿದಂತೆ ಕಾಣಲಿಲ್ಲ.

ಸಂಜೆ ಮನೆಗೆ ಕರೆತಂದ ಮೇಲೆ ಬೇಬಿಯೂ ನಂಬಲಿಲ್ಲ. ಅಷ್ಟರಲ್ಲಿ ಸರ್ವೋತ್ತಮ ಫೋನ್ ಮಾಡಿ, ಸದ್ಯಕ್ಕೆ ಬಸ್ಸಿಗೆ ಬರುವುದು ಬೇಡ ಎಂದಿದ್ದ.

"ನಾಳೆ ನಂಬರ್ ಕಡಿಮೆ ತೋರಿಸ್ಲಿಕ್ಕೆ ನೀವೇ ಎರಡೆರಡು ನುಂಗಿದ್ದು," ಎಂದಳು ಬೇಬಿ.

"ನಾನು ಯಾಕೆ ನುಂಗ್ಲಿ? ನೀನು ಕೊಟ್ಟದ್ದು ಒಂದೇ."

"ಹಾಗಾದರೆ ನಾನು ಹೆಚ್ಚು ಕೊಟ್ಟೆ ಅಂತಾ? ಹೇಳಿ, ಮಗಳ ಎದುರೇ ಹೇಳಿ."

"ನಾನು ಹಾಗೆ ಹೇಳಿದೆನಾ?"

ಯಶ್ಮಿತಾ ಇಬ್ಬರ ನಡುವೆ ಬಂದು ನಿಂತಳು. "ಪಪ್ಪ, ಹೆದರಿಕೆಯಿಂದ ತೆಗೆದುಕೊಂಡಿದ್ದರೆ ಹೇಳಿಬಿಡಿ. ಡಾಕ್ಟರಿಗೆ ಗೊತ್ತಾಗಬೇಕಲ್ಲ."

"ನೀನೂ ಶುರು ಮಾಡು," ಎಂದ ಲೀಲಾಧರ.

ಆಗ ಸರಸ ಒಳಗಿನಿಂದ ಬಂದಳು. ಮಗಳನ್ನು ದಾಟಿ, ಮೊಮ್ಮಗಳನ್ನು ದಾಟಿ, ಅಳಿಯನ ಎದುರಿಗೆ ನಿಂತಳು.

"ನಾನು ಹಾಕಿದ್ದು. ಗಂಜಿಗೆ. ಭಾನುವಾರದಿಂದ."

ಯಾರಿಗೂ ತಟ್ಟನೆ ಅರ್ಥವಾಗಲಿಲ್ಲ. ಸರಸ ಮುಂದುವರಿಸಿದಳು: "ನನ್ನ ಗುಳಿಗೆ. ನಿಮ್ಮ ಬಸ್ಸು ಹೋಗಬಾರದು ಅಂತ ಹಾಕಿದ್ದು. ಬೇರೆ ಎಂತದೂ ಮನಸ್ಸಿನಲ್ಲಿ ಇರಲಿಲ್ಲ."

ಬೇಬಿ ತಾಯಿಯ ತೋಳು ಹಿಡಿದು ಅಲ್ಲಾಡಿಸಿದಳು. "ಬಸ್ಸಿನಲ್ಲಿ ಎಷ್ಟು ಜನ ಇದ್ರು ಗೊತ್ತುಂಟಾ ನಿಮಗೆ? ಕಾಲೇಜಿಗೆ ಹೋಗುವ ಮಕ್ಕಳು ಇದ್ರು. ಹೈವೇಯಲ್ಲಿ ಇವರಿಗೆ ಕಣ್ಣು ಕತ್ತಲೆ ಬಂದಿದ್ದರೆ? ನಿಮ್ಮ ಕೈಯ ಗಂಜಿ ಇನ್ನು ಈ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ."

ಸರಸಳ ಮುಖ ಕೆಂಪೇರಿತ್ತು. ಗೋಡೆಗೆ ಕೈ ಕೊಟ್ಟಳು. ಲೀಲಾಧರ ಅದನ್ನು ನೋಡಿದ.

"ಮಾಮಿ, ನಿಮ್ಮ ಗುಳಿಗೆ ನನ್ನ ಹೊಟ್ಟೆಗೆ ಹೋದರೆ, ನಿಮ್ಮ ಹೊಟ್ಟೆಗೆ ಎಂತ ಹೋಯ್ತು?"

ಸರಸ ತಲೆ ತಗ್ಗಿಸಿದಳು. ತಿಂಗಳಿಗೆ ಬೇಕಾದಷ್ಟೇ ಗುಳಿಗೆ ತರುವುದು. ಅಳಿಯನಿಗೆ ಕೊಟ್ಟ ದಿನಗಳಲ್ಲಿ ಅವಳು ತಿಂದಿರಲಿಲ್ಲ.

ಅವನು ಎದ್ದ. ತನಗೇ ನಿಲ್ಲಲು ಸರಿಯಾಗಿ ಆಗುತ್ತಿರಲಿಲ್ಲ. ಕುರ್ಚಿ ಎಳೆದು ಅವಳನ್ನು ಕುಳ್ಳಿರಿಸಿ, ಯಶ್ಮಿತಾಳಿಗೆ ರಿಕ್ಷಾ ಕರೆಯಲು ಹೇಳಿದ. ರಿಕ್ಷಾ ಬರುವವರೆಗೆ ಅತ್ತೆಯ ಎದುರು ಮೋಟು ಮಣೆಯಲ್ಲಿ ಕುಳಿತು, ನಿಧಾನ ಮಾಮಿ, ಉಸಿರು ಎಳೆಯುವುದಕ್ಕಿಂತ ಬಿಡುವುದು ಉದ್ದ ಇರಲಿ, ಎಂತ ಅವಸರ ಇಲ್ಲ ಎಂದು ಹೇಳುತ್ತಲೇ ಇದ್ದ. ಬೇಬಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಕೋಪ ಎಲ್ಲಿ ಇಡಬೇಕೆಂದು ಅವಳಿಗೆ ತಿಳಿಯಲಿಲ್ಲ.

ಸರಸಳನ್ನು ಎರಡು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಗುರುವಾರದ ಪರೀಕ್ಷೆ ಮುಂದಕ್ಕೆ ಹೋಯಿತು. ಮೈಯಿಂದ ಹೆಚ್ಚಿನ ಮದ್ದು ಇಳಿಯದೆ ನೋಡಿದರೆ ಆ ನಂಬರಿಗೆ ಅರ್ಥ ಇಲ್ಲ, ಎರಡು ವಾರ ಬಿಟ್ಟು ಬನ್ನಿ ಎಂದರು ಡಾಕ್ಟರ್. ಅಲ್ಲಿಯವರೆಗೆ ಲೀಲಾಧರ ಶೆಡ್ಡಿನಲ್ಲಿ ಟಯರಿಗೆ ಗಾಳಿ ನೋಡಿದ, ಬಸ್ಸು ತೊಳೆಯುವವರ ಮೇಲೆ ಕಣ್ಣಿಟ್ಟ. ಡ್ರೈವರಿಗೆ ನಿದ್ದೆ ಬಂದು ಬಸ್ಸು ಚರಂಡಿಗೆ ಹೋಯಿತಂತೆ ಎಂಬ ಸುದ್ದಿ ಕಾಪು ಪೇಟೆಯಲ್ಲಿ ಹರಡಿತ್ತು. ಅದನ್ನು ಕೇಳಿ ಬಂದ ದಿನ ಬೇಬಿ ಮೀನಿನವಳೊಡನೆ ಜಗಳ ಮಾಡಿದಳು. ಅಡುಗೆಮನೆಗೆ ತಾಯಿಯನ್ನು ಬಿಡಲಿಲ್ಲ. ಬೆಳಿಗ್ಗೆ ತಾನೇ ಎದ್ದು ಗಂಜಿ ಇಟ್ಟು, ನೀರುದೋಸೆ ಹೊಯ್ದು, ಅಂಗಡಿಗೆ ಓಡಿದಳು. ಸರಸ ಜಗಲಿಯಲ್ಲಿ ಕುಳಿತು ಬೆಳ್ಳುಳ್ಳಿ ಸುಲಿದಳು, ಅಷ್ಟಕ್ಕೇ ಅವಳಿಗೆ ಅನುಮತಿ ಇದ್ದದ್ದು.

ಮದ್ದನ್ನು ಬೇಬಿಯ ಕೈಯಿಂದ ಕಸಿದು ತನ್ನ ವಶಕ್ಕೆ ತೆಗೆದುಕೊಂಡವಳು ಯಶ್ಮಿತಾ. "ಇನ್ನು ಅಜ್ಜಿಯದು ಅಜ್ಜಿಗೆ, ಪಪ್ಪನದು ಪಪ್ಪನಿಗೆ. ಯಾರೂ ಯಾರಿಗೂ ಉಪಕಾರ ಮಾಡ್ಲಿಕ್ಕಿಲ್ಲ," ಎಂದಳು.

ಪರೀಕ್ಷೆಯ ದಿನ ಡಾಕ್ಟರ್ ಎರಡು ಸಲ ನೋಡಿದರು. ನೂರ ಮೂವತ್ತಾರಕ್ಕೆ ಎಂಬತ್ತಾರು. ಅದೇ ಸಂಜೆ ಅವನು ಮನೆಗೆ ಬಂದು ಕಾಲು ತೊಳೆದು ಊಟಕ್ಕೆ ಕುಳಿತ ಮೇಲೆ ಹೇಳಿದ. ಮೈ ಸರಿ ಇಲ್ಲವೆಂದು ಗೊತ್ತಾಗಿ ಬಸ್ಸು ನಿಲ್ಲಿಸಿದವನ ಕೈಗೇ ಬಸ್ಸು ಕೊಡಬೇಕು ಎಂದರಂತೆ ಧಣಿಗಳು. ಕ್ಲಾಸನ್ನು ಇನ್ನು ಕಂಡಕ್ಟರುಗಳಿಗೂ ಇಡುತ್ತಾರಂತೆ, ಮೊದಲನೆಯ ಹೆಸರು ವಾಸುವಿನದು.

ಬೇಬಿ ಸೌಟು ಕೆಳಗಿಟ್ಟು ಒಮ್ಮೆ ಕಣ್ಣು ಮುಚ್ಚಿದಳು. "ಸೋಮವಾರದಿಂದ ಎಕ್ಸ್‌ಪ್ರೆಸ್ಸಾ ಹಾಗಾದರೆ?"

"ಎಕ್ಸ್‌ಪ್ರೆಸ್ ಕೊಟ್ಟಿದ್ದರು. ನಾನು ಬೇಡ ಅಂದೆ. ಕಾಪುವಿನಿಂದ ಶಿರ್ವ ದಾಟಿ ಕಾರ್ಕಳಕ್ಕೆ ಹೋಗುವ ಲೋಕಲ್ ಉಂಟಲ್ಲ, ಅದನ್ನು ಕೇಳಿ ತೆಗೆದುಕೊಂಡೆ."

"ಆ ಬಸ್ಸಿಗೆ ಎಂತ ಬತ್ತೆ ಸಿಗ್ತದೆ?"

"ಕಡಿಮೆ."

"ಕಡಿಮೆ ಅಂತ ನನಗೂ ಗೊತ್ತುಂಟು. ಇಷ್ಟು ವಾರ ನಿಮಗೆ ಬೇರೆ ಪಾತ್ರೆಯಲ್ಲಿ ಸಪ್ಪೆ ಗಂಜಿ ತೆಗೆದಿಟ್ಟದ್ದು, ಅಮ್ಮ ಸಾಯ್ಲಿಕ್ಕೆ ಹೊರಟದ್ದು, ಎಲ್ಲ ಆ ಸೀಟು ಹೋಗಬಾರದು ಅಂತ. ನಂಬರೂ ಬಂತು. ಈಗ ನೀವೇ ಬಿಟ್ಟು ಬಂದ್ರಾ? ಹಾಗಾದರೆ ಆ ಕ್ಲಾಸಿನಿಂದ ಎಂತ ಆಯ್ತು?"

ಅವನು ಧ್ವನಿ ಏರಿಸಲಿಲ್ಲ. ಬಟ್ಟಲಿನ ಅಂಚನ್ನು ಹಿಡಿದು ಒಂದು ಉಸಿರು ಪೂರ್ತಿ ಹೊರಗೆ ಬಿಟ್ಟ.

"ನಂಬರ್ ಬಂದದ್ದು ಶೆಡ್ಡಿನಲ್ಲಿ ಇದ್ದಾಗ, ಬೇಬಿ. ಹಿಂದೆ ಬಸ್ಸು ಇಟ್ಟುಕೊಂಡು ಓಡಿಸಿದರೆ ಅದು ಪುನಃ ಏರ್ತದೆ. ಮೊದಲೂ ಏರ್ತಿತ್ತು, ನನಗೆ ಗೊತ್ತಾಗ್ತಿರಲಿಲ್ಲ. ಈಗ ಗೊತ್ತಾಗ್ತದೆ. ಗೊತ್ತಾದ ಮೇಲೂ ಅಲ್ಲೇ ಹೋಗಿ ಕೂತರೆ ಕಾರ್ಲನಿಗೂ ನನಗೂ ಎಂತ ವ್ಯತ್ಯಾಸ?"

ಬೇಬಿ ಸಿಟ್ಟಿನಲ್ಲೇ ಮಟ್ಟುಗುಳ್ಳ ಬದನೆಯ ಹುಳಿಯನ್ನು ಅವನ ಅನ್ನದ ಮೇಲೆ ಹೊಯ್ದಳು. ಮಗಳಿಗೆ ಬಡಿಸಿದಳು. ತನಗೆ ಹಾಕಿಕೊಂಡು ಕುಳಿತಳು. ಯಶ್ಮಿತಾ ಇಬ್ಬರ ಮುಖವನ್ನೂ ನೋಡದೆ ಉಣ್ಣುತ್ತಿದ್ದಳು.

"ಆ ಬಸ್ಸು ಸಂಜೆ ಎಷ್ಟಕ್ಕೆ ಮುಗಿತದೆ?" ಬೇಬಿ ಕೊನೆಗೆ ಕೇಳಿದಳು.

"ಆರಕ್ಕೆ."

"ನಾನು ಅಂಗಡಿಯಿಂದ ಬರುವಾಗ ಎಂಟಾಗ್ತದೆ. ಇನ್ನು ಭಾನುವಾರವೂ ಬರ್ತೇನೆ ಅಂತ ಹೇಳಬೇಕು ಅಂಗಡಿಯವರಿಗೆ. ಸಂಜೆಯ ಅಡುಗೆ ನೀವೇ ಮಾಡಿ."

"ನನಗೆ ಎಲ್ಲಿ ಬರ್ತದೆ ಅಡುಗೆ?"

ಜಗಲಿಯ ಕಡೆಯಿಂದ ಸರಸ ಎದ್ದು ಬಂದಳು. ಎರಡು ವಾರದಿಂದ ದಾಟದಿದ್ದ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಮಗಳನ್ನು ನೋಡಿದಳು. ಬೇಬಿ ತನ್ನ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಜಾಗ ಬಿಟ್ಟಳು. ಸರಸ ಒಳಗೆ ಬಂದು ಅಳಿಯನ ಬಟ್ಟಲಿನ ಎದುರು ಮಣೆ ಎಳೆದುಕೊಂಡಳು.

"ಮೀನು ಕೊಯ್ಯುವುದರಿಂದ ಶುರು ಮಾಡುವ," ಎಂದಳು ಅವನಿಗೆ. "ನಾನು ಕೂತು ಹೇಳ್ತೇನೆ, ನಿಮ್ಮ ಕೈಯಲ್ಲಿ ಆಗಲಿ. ಆದರೆ ಬೊಬ್ಬೆ ಹಾಕಿದರೆ ನಾನು ಎದ್ದು ಹೋಗುವವಳು."

"ಆಯ್ತು ಮಾಮಿ," ಎಂದ ಲೀಲಾಧರ.